ಗಮನವನ್ನು ಸಗಟಾಗಿ ಕೊಳ್ಳುವ ಕ್ರಿಯಾಪದ: ‘ಎನ್‌ಗ್ರೋಸ್’

ಇಂಗ್ಲಿಷ್ ನಿಘಂಟುಗಳಲ್ಲಿ ‘ಎನ್‌ಗ್ರೋಸ್’ ಪದಕ್ಕೆ ಕೊಡುವ ಉದಾಹರಣೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ‘ಶಿ ವಾಸ್ ಸೋ ಎನ್‌ಗ್ರೋಸ್ಡ್ ಇನ್ ಹರ್ ಬುಕ್ ದಟ್ ಶಿ ಡಿಡ್ ನಾಟ್ ಹಿಯರ್ ದ ಫೋನ್.’ ಪುಸ್ತಕದಲ್ಲಿ ಎಷ್ಟು ಮುಳುಗಿದ್ದಳೆಂದರೆ ಫೋನ್ ಬಡಕೊಂಡದ್ದೂ ಕೇಳಿಸಲಿಲ್ಲ. ಪುಸ್ತಕದ ಜಾಗದಲ್ಲಿ ಕೆಲಸವೋ ಮಾತುಕತೆಯೋ ಚದುರಂಗವೋ ಬರಬಹುದು. ಫೋನಿನ ಜಾಗದಲ್ಲಿ ಬಾಗಿಲು ತಟ್ಟಿದ್ದು, ಮಳೆ ಶುರುವಾದದ್ದು, ಕತ್ತಲಾದದ್ದು ಬರಬಹುದು. ಆದರೆ ವಾಕ್ಯಕ್ಕೆ ಎರಡು ತುದಿ ಇದ್ದೇ ಇರುತ್ತವೆ. ಒಂದು ತುದಿಯಲ್ಲಿ ಮನಸ್ಸನ್ನು ಹಿಡಿದುಕೊಂಡ ವಸ್ತು, ಇನ್ನೊಂದರಲ್ಲಿ ಅದರಿಂದಾಗಿ ಗಮನಕ್ಕೇ ಬಾರದೆ ಹೋದ ಸಂಗತಿ.

ಈ ಎರಡನೆಯ ತುದಿಯನ್ನು ವಾಕ್ಯದಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಅದು ಅರ್ಥದೊಳಗೆ ಇರುತ್ತದೆ. ಒಂದು ವಿಷಯದಲ್ಲಿ ಆಸಕ್ತಿ ಇದ್ದರೆ ‘ಇಂಟರೆಸ್ಟೆಡ್’ ಎಂದರಾಯಿತು. ಅಕ್ಕಪಕ್ಕದ ಹತ್ತು ವಿಷಯಗಳಲ್ಲೂ ಆಸಕ್ತಿ ಇರಬಹುದು. ‘ಎನ್‌ಗ್ರೋಸ್ಡ್’ ಎಂದಾಗ ಬೇರೆಯದಕ್ಕೆ ಕೊಡಲು ಗಮನವೇ ಉಳಿದಿಲ್ಲ ಎಂದರ್ಥ. ಈ ಪದದ ವ್ಯಾಕರಣ, ಅದು ಒಪ್ಪುವ ಮತ್ತು ಒಪ್ಪದ ವಿಶೇಷಣಗಳು, ಕನ್ನಡಿಗರು ಅದನ್ನು ಬಳಸುವಾಗ ಆಗುವ ತಪ್ಪುಗಳು, ಎಲ್ಲದರ ಕೀಲಿಯೂ ಈ ‘ಎಲ್ಲವನ್ನೂ’ ಎಂಬ ಅರ್ಥದಲ್ಲೇ ಇದೆ ಎಂದು ನನ್ನ ನಂಬಿಕೆ.

ಆ ಅರ್ಥದ ಬೇರು ಸಗಟು ವ್ಯಾಪಾರದಲ್ಲಿದೆ. ಹಳೆಯ ಫ್ರೆಂಚಿನಲ್ಲಿ ‘ಆನ್ ಗ್ರೋ’ ಎಂದರೆ ಒಟ್ಟಾಗಿ, ಸಗಟಾಗಿ. ಅದರ ಹಿಂದಿರುವುದು ದಪ್ಪ, ದೊಡ್ಡ ಎಂಬರ್ಥದ ಲ್ಯಾಟಿನ್ ಪದ ‘ಗ್ರೋಸಸ್’. ಇದೇ ಬಳ್ಳಿಯಲ್ಲಿ ‘ಗ್ರೋಸರ್’ ಇದ್ದಾನೆ. ಮೂಲದಲ್ಲಿ ಆತ ಸಗಟಾಗಿ ಮಾರುವವನು. 12 ಡಜನ್, ಅಂದರೆ 144 ವಸ್ತುಗಳ ಒಂದು ‘ಗ್ರೋಸ್’ ಇದೆ. ಕಡಿತಗಳಿಗೆ ಮುಂಚಿನ ಒಟ್ಟು ಸಂಬಳಕ್ಕೆ ಹೇಳುವ ‘ಗ್ರೋಸ್’ ಕೂಡ ಇದೇ. ಹೀಗೆ ‘ಎನ್‌ಗ್ರೋಸ್’ ಎಂದರೆ ಮೊದಲಿಗೆ ಒಂದು ಸರಕನ್ನು ಇದ್ದಷ್ಟೂ ಕೊಂಡು ತನ್ನ ಕೈಯಲ್ಲಿಟ್ಟುಕೊಳ್ಳುವುದು.

ಇಂಗ್ಲೆಂಡಿನಲ್ಲಿ ಇದು ಅಪರಾಧವಾಗಿತ್ತು. ಆರನೆಯ ಎಡ್ವರ್ಡ್ ರಾಜನ ಕಾಲದಲ್ಲಿ, 1552ರಲ್ಲಿ ಬಂದ ಕಾಯ್ದೆಯೊಂದು ಮೂರು ಬಗೆಯ ವ್ಯಾಪಾರಿಗಳನ್ನು ಹೆಸರಿಸಿ ತಡೆಯಿತು. ಸರಕು ಸಂತೆಗೆ ಬರುವ ಮೊದಲೇ ದಾರಿಯಲ್ಲಿ ಅಡ್ಡಹಾಕಿ ಕೊಳ್ಳುವವನು ‘ಫೋರ್‌ಸ್ಟಾಲರ್’. ಸಂತೆಯಲ್ಲಿ ಕೊಂಡು ಅಲ್ಲೇ, ಇಲ್ಲವೇ ನಾಲ್ಕು ಮೈಲಿಯೊಳಗಿನ ಇನ್ನೊಂದು ಸಂತೆಯಲ್ಲಿ ಮರುಮಾರಾಟ ಮಾಡುವವನು ‘ರಿಗ್ರೇಟರ್’. ಹೊಲದಲ್ಲಿ ನಿಂತ ಪೈರನ್ನೋ ಧಾನ್ಯ, ಬೆಣ್ಣೆ, ಚೀಸ್, ಮೀನುಗಳನ್ನೋ ಮರುಮಾರಾಟಕ್ಕೆಂದೇ ಒಟ್ಟಾಗಿ ಕೊಂಡು ಕೂಡಿಡುವವನು ‘ಎನ್‌ಗ್ರೋಸರ್’. ಈ ಶಾಸನಗಳನ್ನು 1772ರಲ್ಲಿ ಹಿಂತೆಗೆದುಕೊಂಡರೂ ರೂಢಿಗತ ಕಾನೂನಿನಲ್ಲಿ ಅಪರಾಧ ಉಳಿದೇ ಇತ್ತು. 1844ರಲ್ಲಿ ಅದೂ ಹೋಯಿತು. ಅಲ್ಲಿಯವರೆಗೆ ಇಂಗ್ಲಿಷ್ ಮಾತಾಡುವವರ ಕಿವಿಗೆ ಈ ಪದದಲ್ಲಿ ದಾಸ್ತಾನುಕೋರನ ವಾಸನೆ ಇತ್ತು: ಒಬ್ಬ ಎಲ್ಲವನ್ನೂ ಕೊಂಡರೆ ಮಿಕ್ಕವರಿಗೆ ಕಾಳೂ ಇಲ್ಲ.

ಸಂತೆಯಿಂದ ಮನಸ್ಸಿಗೆ ಪದ ದಾಟಿದ ಸೇತುವೆಯೂ ಕಾಣುತ್ತದೆ. 18, 19ನೇ ಶತಮಾನದ ಬರಹಗಳಲ್ಲಿ ‘ಎನ್‌ಗ್ರೋಸ್ ದ ಕಾನ್ವರ್ಸೇಶನ್’ ಎಂಬ ಪ್ರಯೋಗ ಸಿಗುತ್ತದೆ. ನಾಲ್ಕು ಜನ ಕೂತಲ್ಲಿ ಒಬ್ಬನೇ ಮಾತನ್ನೆಲ್ಲ ಗುತ್ತಿಗೆ ಹಿಡಿಯುವುದು ಎಂದು ಅರ್ಥ. ಅದರ ಪಕ್ಕದಲ್ಲೇ ‘ಎನ್‌ಗ್ರೋಸ್ಡ್ ಹಿಸ್ ಅಟೆನ್ಶನ್’, ‘ಎನ್‌ಗ್ರೋಸ್ಡ್ ಹರ್ ಥಾಟ್ಸ್’ ಎಂಬವು. ಇಲ್ಲಿ ಕೊಳ್ಳಲ್ಪಡುವ ಸರಕು ಗಮನ, ಕೊಳ್ಳುವವನು ಒಂದು ವಿಚಾರ ಅಥವಾ ಕೆಲಸ. ಮುಂದೆ ‘ಗಮನ’ ಎಂಬ ಪದವೂ ಉದುರಿ, ಮನುಷ್ಯನೇ ಆ ಜಾಗಕ್ಕೆ ಬಂದ: ‘ದ ಸ್ಟೋರಿ ಎನ್‌ಗ್ರೋಸ್ಡ್ ಹರ್.’ ಇವತ್ತಿನ ರೂಪ ಇದು.

ಈಗ ವ್ಯಾಕರಣಕ್ಕೆ ಬಂದರೆ, ತೊಡಕು ಶುರುವಾಗುವುದೇ ಇಲ್ಲಿ. ಇಂಗ್ಲಿಷ್ ವಾಕ್ಯದಲ್ಲಿ ಕರ್ತೃ ಕಥೆ, ಕರ್ಮ ಓದುವವಳು. ಕನ್ನಡದಲ್ಲಿ ಸಹಜವಾಗಿ ಹೇಳುವಾಗ ಓದುವವಳೇ ಕರ್ತೃ: ‘ಅವಳು ಕಥೆಯಲ್ಲಿ ಮುಳುಗಿದಳು.’ ಮುಳುಗು ಅಕರ್ಮಕ. ಈ ಕನ್ನಡದ ಕಟ್ಟನ್ನು ಹಾಗೇ ಇಂಗ್ಲಿಷಿಗೆ ಒಯ್ದರೆ ‘ಶಿ ಎನ್‌ಗ್ರೋಸ್ಡ್ ಇನ್ ದ ಸ್ಟೋರಿ’ ಎಂದಾಗುತ್ತದೆ. ಅದು ತಪ್ಪು. ‘ಶಿ ವಾಸ್ ಎನ್‌ಗ್ರೋಸ್ಡ್’ ಅಥವಾ ‘ಶಿ ಬಿಕೇಮ್ ಎನ್‌ಗ್ರೋಸ್ಡ್’ ಎಂದೇ ಆಗಬೇಕು, ಏಕೆಂದರೆ ಕೊಳ್ಳುವವಳು ಅವಳಲ್ಲ, ಕೊಳ್ಳಲ್ಪಟ್ಟವಳು.

ಈ ತಪ್ಪಿಗೆ ಇನ್ನೊಂದು ಆಳದ ಕಾರಣವಿದೆ. ಇಂಗ್ಲಿಷ್ ಕ್ರಿಯಾಪದವನ್ನು ಕನ್ನಡದ ನಡುವೆ ಬಳಸುವಾಗ ನಾವು ಅದಕ್ಕೆ ‘ಆಗು’ ಅಥವಾ ‘ಮಾಡು’ ಅಂಟಿಸುತ್ತೇವೆ. ‘ಕನ್ಫ್ಯೂಸ್ ಆದೆ’, ‘ಕನ್ಫ್ಯೂಸ್ ಮಾಡಿದ’. ‘ಇಂಪ್ರೆಸ್ ಆದೆ’, ‘ಇಂಪ್ರೆಸ್ ಮಾಡಿದ’. ‘ಬೋರ್ ಆಯಿತು’, ‘ಬೋರ್ ಮಾಡಬೇಡ’. ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪವೇ ಬದಲಾಗಿ ತೋರಿಸುವ ವ್ಯತ್ಯಾಸವನ್ನು ಕನ್ನಡದಲ್ಲಿ ‘ಆಗು’, ‘ಮಾಡು’ ಹೊತ್ತುಕೊಳ್ಳುತ್ತವೆ. ಇಂಗ್ಲಿಷ್ ಪದ ಮಾತ್ರ ಎರಡು ಕಡೆಯೂ ಬೋಳಾಗಿ ನಿಲ್ಲುತ್ತದೆ. ಇದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಮರಳಿದಾಗ ‘ಆಗು’ ಬಿದ್ದುಹೋಗಿ ‘ಐ ಕನ್ಫ್ಯೂಸ್ಡ್’, ‘ಐ ಎನ್‌ಗ್ರೋಸ್ಡ್’ ಎಂಬ ವಾಕ್ಯಗಳು ಹುಟ್ಟುತ್ತವೆ. ಮನಸ್ಸಿಗೆ ಏನೋ ಆಗುವುದನ್ನು ಹೇಳುವ ಕ್ರಿಯಾಪದಗಳ ಮಟ್ಟಿಗೆ ಒಂದು ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ: ಕನ್ನಡದಲ್ಲಿ ‘ಆಗು’ ಬಂದರೆ ಇಂಗ್ಲಿಷಿನಲ್ಲಿ ‘ವಾಸ್’ ಅಥವಾ ‘ಗಾಟ್’ ಹಾಕಿ ಆಮೇಲೆ ‘-ಎಡ್’ ರೂಪ, ‘ಮಾಡು’ ಬಂದರೆ ನೇರ ಕ್ರಿಯಾಪದ. ಇದನ್ನು ಎಲ್ಲಾ ಕ್ರಿಯಾಪದಗಳಿಗೂ ಹಚ್ಚಬಾರದು. ‘ಪಾಸ್ ಆದೆ’, ‘ಜಾಯಿನ್ ಆದೆ’ ಎಂಬವು ಇಂಗ್ಲಿಷಿನಲ್ಲಿ ಬರಿಯ ‘ಪಾಸ್ಡ್’, ‘ಜಾಯಿನ್ಡ್’.

‘-ಎಡ್’ ಮತ್ತು ‘-ಇಂಗ್’ ಅದಲುಬದಲಾಗುವುದು ಇನ್ನೂ ಹೆಚ್ಚು. ‘ಓದುತ್ತಿದ್ದೇನೆ’ ಎಂಬುದು ‘ಐ ಆಮ್ ರೀಡಿಂಗ್’ ಆದರೆ, ‘ಮುಳುಗಿದ್ದೇನೆ’ ಎಂಬುದು ‘ಐ ಆಮ್ ಎನ್‌ಗ್ರೋಸಿಂಗ್’ ಆಗಬೇಕಲ್ಲವೇ ಎಂದು ತೋರುವುದು ಸಹಜ. ಆದರೆ ‘ಐ ಆಮ್ ಎನ್‌ಗ್ರೋಸಿಂಗ್’ ಎಂದರೆ, ನಾನು ಇತರರ ಗಮನವನ್ನೆಲ್ಲ ಸೆಳೆದಿಟ್ಟುಕೊಳ್ಳುವಂಥ ವ್ಯಕ್ತಿ ಎಂದಾಗುತ್ತದೆ. ‘ಐ ಆಮ್ ಬೋರಿಂಗ್’ ಎಂದವರು ತಮ್ಮನ್ನೇ ಬೋರು ಹೊಡೆಸುವವರೆಂದು ಕರೆದುಕೊಂಡಂತೆಯೇ ಇದು. ‘-ಇಂಗ್’ ಯಾವಾಗಲೂ ಹಿಡಿಯುವ ವಸ್ತುವಿಗೆ, ‘-ಎಡ್’ ಹಿಡಿತಕ್ಕೆ ಸಿಕ್ಕವರಿಗೆ. ಪುಸ್ತಕ ‘ಎನ್‌ಗ್ರೋಸಿಂಗ್’, ಓದುಗ ‘ಎನ್‌ಗ್ರೋಸ್ಡ್’.

ಜೊತೆಗೆ ಬರುವ ವಿಭಕ್ತಿಯಂಥ ಪದಗಳಲ್ಲಿ ‘ಇನ್’ ರಾಜ. ಬರೆಯುವಾಗ ಅನುಮಾನ ಬಂದರೆ ‘ಇನ್’ ಹಾಕಿದರೆ ತಪ್ಪಾಗುವುದು ಅಪರೂಪ. ಕನ್ನಡದ ‘-ಅಲ್ಲಿ’ಯೂ ಅದಕ್ಕೆ ಸರಿಯಾಗಿ ಹೊಂದುತ್ತದೆ. ‘ವಿತ್’ ಕೂಡ ಸರಿ, ಕೈಯಲ್ಲಿರುವ ವಸ್ತುವಿಗೆ ಹೆಚ್ಚು ಒಗ್ಗುತ್ತದೆ. ಸೆಳೆದ ವಸ್ತುವಿನ ಬಲವನ್ನು ಒತ್ತಿ ಹೇಳಬೇಕಾದಾಗ ‘ಬೈ’. ‘ಟು’, ‘ಆನ್’, ‘ಅಟ್’ ಮೂರೂ ತಪ್ಪು. ‘ಇನ್’ ಆದಮೇಲೆ ನಾಮಪದ ಬರಬೇಕು ಅಥವಾ ‘-ಇಂಗ್’ ರೂಪ: ‘ಎನ್‌ಗ್ರೋಸ್ಡ್ ಇನ್ ರೀಡಿಂಗ್’. ‘ಎನ್‌ಗ್ರೋಸ್ಡ್ ಟು ರೀಡ್’ ಎಂದಾಗದು. ಗಮನಿಸಬೇಕಾದ ಒಂದು ಸಣ್ಣ ಸಂಗತಿ ಎಂದರೆ ‘ಎನ್‌ಗ್ರೋಸ್ಡ್ ಇನ್ ಕಾನ್ವರ್ಸೇಶನ್ ವಿತ್ ಹರ್ ಸಿಸ್ಟರ್’ ಎಂಬಲ್ಲಿನ ‘ವಿತ್’ ಸೇರುವುದು ಮಾತುಕತೆಗೆ, ‘ಎನ್‌ಗ್ರೋಸ್ಡ್’ಗಲ್ಲ. ಅದನ್ನು ನೋಡಿ ‘ಎನ್‌ಗ್ರೋಸ್ಡ್ ವಿತ್ ಹರ್ ಸಿಸ್ಟರ್’ ಎಂದು ಮೊಟಕು ಮಾಡಿದರೆ ಅರ್ಥ ಕೆಡುತ್ತದೆ.

ವಿಶೇಷಣಗಳಲ್ಲೂ ಸಗಟಿನ ಲೆಕ್ಕವೇ. ‘ಕಂಪ್ಲೀಟ್ಲಿ’, ‘ಟೋಟಲಿ’, ‘ಡೀಪ್ಲಿ’, ‘ಸೋ’ ಸರಾಗವಾಗಿ ಕೂಡುತ್ತವೆ. ‘ವೆರಿ ಎನ್‌ಗ್ರೋಸ್ಡ್’ ಕೇಳಿಬರುತ್ತದಾದರೂ ಸಪ್ಪೆ. ‘ಎ ಬಿಟ್ ಎನ್‌ಗ್ರೋಸ್ಡ್’, ‘ಹಾಫ್ ಎನ್‌ಗ್ರೋಸ್ಡ್’ ಅಸಹಜ, ಏಕೆಂದರೆ ಅರ್ಧ ಕೊಂಡರೆ ಅದು ಸಗಟಲ್ಲ. ಆದರೂ ‘ಮೋರ್ ಅಂಡ್ ಮೋರ್ ಎನ್‌ಗ್ರೋಸ್ಡ್’ ನಡೆಯುತ್ತದೆ. ಅಲ್ಲಿ ಹೇಳುತ್ತಿರುವುದು ಪೂರ್ತಿ ಸ್ಥಿತಿಯ ಕಡೆಗಿನ ಪಯಣ.

ಈ ಕ್ರಿಯಾಪದದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಸಂಗತಿ, ಅದನ್ನು ಆಜ್ಞೆಯಾಗಿ ಬಳಸಲಾಗದು ಎಂಬುದು. ಮಗುವಿಗೆ ‘ಕಾನ್ಸಂಟ್ರೇಟ್’ ಎಂದು ಗದರಬಹುದು. ‘ಎನ್‌ಗ್ರೋಸ್’ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಕಾನ್ಸಂಟ್ರೇಟ್ ಮಾಡುವುದು ನಮ್ಮ ಪ್ರಯತ್ನ. ಬೇಸರದ ವಿಷಯದ ಮೇಲೂ ಹಲ್ಲುಕಚ್ಚಿ ಮಾಡಬಹುದು, ಮಾಡಿ ದಣಿಯಬಹುದು. ಎನ್‌ಗ್ರೋಸ್ ಆಗುವುದು ವಸ್ತುವಿನ ಕಡೆಯಿಂದ ಬರಬೇಕು. ಇದಕ್ಕೆ ಒಂದೇ ಕಿಂಡಿ ಇದೆ: ‘ಹಿ ಎನ್‌ಗ್ರೋಸ್ಡ್ ಹಿಮ್ಸೆಲ್ಫ್ ಇನ್ ವರ್ಕ್.’ ತನ್ನನ್ನು ತಾನೇ ಕೆಲಸಕ್ಕೆ ಒಪ್ಪಿಸಿಕೊಂಡ ಎಂಬಂಥ ಅರ್ಥ. ಈ ರೂಪ ಬಂದಾಗ ಆ ಮನುಷ್ಯ ಏನನ್ನೋ ಮರೆಯಲು ಹೊರಟಿದ್ದಾನೆ ಎಂಬ ಸೂಚನೆ ಅನೇಕ ಸಲ ಹಿಂದೆಯೇ ಇರುತ್ತದೆ.

ಕನ್ನಡದ ‘ಮುಳುಗು’ ಮತ್ತು ಸಂಸ್ಕೃತದಿಂದ ಬಂದ ‘ಮಗ್ನ’ ಇದಕ್ಕಿಂತ ಅಗಲ. ಅದನ್ನು ಮರೆತು ಅನುವಾದಿಸಿದಾಗ ಎಡವುತ್ತೇವೆ. ನಿದ್ರಾಮಗ್ನನಾದವನು ‘ಎನ್‌ಗ್ರೋಸ್ಡ್ ಇನ್ ಸ್ಲೀಪ್’ ಅಲ್ಲ, ‘ಫಾಸ್ಟ್ ಅಸ್ಲೀಪ್’. ನಿದ್ದೆಯಲ್ಲಿ ಗಮನವೇ ಇಲ್ಲದ ಮೇಲೆ ಕೊಳ್ಳುವುದೇನನ್ನು? ದುಃಖದಲ್ಲಿ ಮುಳುಗಿದ ಮನೆಯವರನ್ನು ‘ಎನ್‌ಗ್ರೋಸ್ಡ್ ಇನ್ ಗ್ರೀಫ್’ ಎಂದು ಬರೆದರೆ ಅವರು ದುಃಖವನ್ನು ಆಸಕ್ತಿಯಿಂದ ಗಮನಿಸುತ್ತಿದ್ದಾರೆ ಎಂಬಂತೆ ಕೇಳುತ್ತದೆ. ಅಲ್ಲಿ ‘ಓವರ್‌ವೆಲ್ಮ್ಡ್ ಬೈ ಗ್ರೀಫ್’ ಬೇಕು. ಸಂತಾಪ ಪತ್ರದಲ್ಲಿ ಇಂಥ ತಪ್ಪು ನಿಜಕ್ಕೂ ನೋಯಿಸಬಲ್ಲದು.

ನೆರೆಹೊರೆಯ ಪದಗಳಲ್ಲಿ ‘ಅಬ್ಸಾರ್ಬ್ಡ್’ ಬಹಳ ಹತ್ತಿರದ್ದು. ಹೆಚ್ಚಿನ ಕಡೆ ಅದಲುಬದಲು ಮಾಡಬಹುದು. ಹೀರಿಕೊಳ್ಳುವುದು ಅದರ ಮೂಲಾರ್ಥ. ‘ಇಮ್ಮರ್ಸ್’ನಲ್ಲಿ ಸ್ವಇಚ್ಛೆಯ ಪಾಲು ಹೆಚ್ಚು: ಭಾಷೆ ಕಲಿಯಲು ಆ ಭಾಷೆಯ ಜನರ ನಡುವೆ ಹೋಗಿ ಇರುವುದು ‘ಇಮ್ಮರ್ಶನ್’, ತಿಂಗಳುಗಟ್ಟಲೆ ನಡೆಯಬಹುದು. ಎನ್‌ಗ್ರೋಸ್ ಆಗುವುದು ಸಾಮಾನ್ಯವಾಗಿ ಒಂದು ಕೂತಲ್ಲಿ ಮುಗಿಯುವ ಸ್ಥಿತಿ. ‘ಅಬ್ಸೆಸ್ಡ್’ ಇನ್ನೊಂದು ಬಗೆ. ಅದರ ಲ್ಯಾಟಿನ್ ಮೂಲಕ್ಕೆ ಕೋಟೆಗೆ ಮುತ್ತಿಗೆ ಹಾಕುವ ಅರ್ಥವೂ ಇದೆ. ಪುಸ್ತಕ ಮುಚ್ಚಿಟ್ಟ ಮೇಲೂ ಅದು ಬಿಡುವುದಿಲ್ಲ.

ನಿಜವಾಗಿ ಬಿಡಿಸಿ ನೋಡಬೇಕಾದ ಜೋಡಿ ‘ಎನ್‌ಗ್ರೋಸ್ಡ್’ ಮತ್ತು ‘ಪ್ರಿಆಕ್ಯುಪೈಡ್’. ಎರಡಕ್ಕೂ ‘ಮಗ್ನ’ ಎಂದು ಅರ್ಥ ಕೊಟ್ಟು ಮುಂದೆ ಹೋಗುವ ಅಭ್ಯಾಸ ಇದೆ. ಎರಡೂ ಬೇರೆಯದನ್ನು ಹೊರಗಿಡುತ್ತವೆ, ನಿಜ. ವ್ಯತ್ಯಾಸ ಇರುವುದು ಮನಸ್ಸು ಎಲ್ಲಿದೆ ಎಂಬುದರಲ್ಲಿ. ಎನ್‌ಗ್ರೋಸ್ಡ್ ಆದವಳ ಕಣ್ಣೂ ಮನಸ್ಸೂ ಒಂದೇ ಜಾಗದಲ್ಲಿವೆ, ಎದುರಿನ ಪುಟದ ಮೇಲೆ. ಪ್ರಿಆಕ್ಯುಪೈಡ್ ಆದವಳ ಕಣ್ಣು ಪುಟದ ಮೇಲಿದ್ದರೂ ಮನಸ್ಸು ನಾಳೆ ಬರಲಿರುವ ಆಸ್ಪತ್ರೆಯ ವರದಿಯ ಮೇಲಿದೆ. ಒಂದೇ ಸಾಲನ್ನು ನಾಲ್ಕು ಸಲ ಓದುತ್ತಾಳೆ. ಪದದೊಳಗೇ ಅದು ಇದೆ: ಮೊದಲೇ ಬೇರೊಬ್ಬರು ಬಂದು ಕೂತ ಜಾಗ. ಹಾಗಾಗಿ ಇದರ ಜೊತೆ ಚಿಂತೆ, ಆತಂಕ ಹೆಚ್ಚಾಗಿ ಬರುತ್ತವೆ. ‘ಏನೋ ಯೋಚನೆಯಲ್ಲಿದ್ದೀರಿ’ ಎಂದು ನಾವು ಹೇಳುವಲ್ಲೆಲ್ಲ ಇಂಗ್ಲಿಷಿನವರು ‘ಪ್ರಿಆಕ್ಯುಪೈಡ್’ ಎನ್ನುತ್ತಾರೆ.

ಎನ್‌ಗ್ರೋಸ್ ಆದವರಿಗೆ ಹೊರಗಿನದು ನಿಜಕ್ಕೂ ಕೇಳಿಸುವುದಿಲ್ಲವೇ, ಅಥವಾ ಅದು ಮಾತಿನ ಉತ್ಪ್ರೇಕ್ಷೆಯೇ? ಇದಕ್ಕೆ ಮನಃಶಾಸ್ತ್ರದ ಹಳೆಯ ಪ್ರಯೋಗಗಳು ಹತ್ತಿರದ ಉತ್ತರ ಕೊಡುತ್ತವೆ. 1953ರಲ್ಲಿ ಕಾಲಿನ್ ಚೆರ್ರಿ ಹೆಡ್‌ಫೋನಿನ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಕೇಳಿದಂತೆಯೇ ಜೋರಾಗಿ ಹೇಳುತ್ತಾ ಹೋಗಲು ಕೇಳಿದರು. ಇನ್ನೊಂದು ಕಿವಿಯಲ್ಲಿ ಗಂಡು ದನಿ ಹೆಣ್ಣು ದನಿಯಾದದ್ದು ಗೊತ್ತಾಯಿತು. ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದು ಗೊತ್ತಾಗಲಿಲ್ಲ. 1959ರಲ್ಲಿ ನೆವಿಲ್ ಮೊರೆ ಇದನ್ನು ಮುಂದುವರಿಸಿ, ಕೇಳದ ಕಿವಿಯಲ್ಲಿ ಕೇಳುಗರ ಹೆಸರನ್ನೇ ಸೇರಿಸಿದರು. ಸುಮಾರು ಮೂರನೇ ಒಂದು ಪಾಲು ಜನ ಅದನ್ನು ಗುರುತಿಸಿದರು. ಎಲ್ಲ ಗಮನ ಮಾರಾಟವಾದ ಮೇಲೂ ಕೆಲವರಲ್ಲಿ ತಮ್ಮ ಹೆಸರಿಗೆಂದು ಒಂದು ಚೂರು ಉಳಿದಿರುತ್ತದೆ; ಹೆಚ್ಚಿನವರಲ್ಲಿ ಅದೂ ಇಲ್ಲ. ಪ್ರಯೋಗಾಲಯದಲ್ಲಿ ಒತ್ತಾಯದಿಂದ ಗಮನ ಕೊಡುವುದಕ್ಕೂ ಕಥೆ ತಾನಾಗಿ ಸೆಳೆಯುವುದಕ್ಕೂ ಅಂತರ ಇದೆ, ಅದನ್ನು ಮರೆಯುವಂತಿಲ್ಲ. ಆದರೂ ‘ಹೆಸರು ಹಿಡಿದು ಕರೆದರೂ ಕೇಳಿಸಲಿಲ್ಲ’ ಎಂಬ ವಾಕ್ಯವನ್ನು ಅತಿಶಯೋಕ್ತಿ ಎಂದು ತಳ್ಳಿಹಾಕುವ ಮುನ್ನ ಈ ಮೂರನೇ ಒಂದು ಪಾಲಿನ ಲೆಕ್ಕ ನೆನಪಿರಲಿ.

ಉಚ್ಚಾರಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒತ್ತು ಎರಡನೆಯ ಭಾಗಕ್ಕೆ. ‘ಗ್ರೋಸ್’ ಎಂಬುದು ‘ಡೋಸ್’ ಜೊತೆ ಪ್ರಾಸವಾಗಬೇಕು, ‘ಕ್ರಾಸ್’ ಜೊತೆಗಲ್ಲ. ಸಂಬಳದ ಚೀಟಿ ನೋಡಿ ‘ಗ್ರಾಸ್ ಸ್ಯಾಲರಿ’ ಎಂದು ಹೇಳಿ ರೂಢಿಯಾದವರು ಇಲ್ಲಿಯೂ ‘ಎನ್‌ಗ್ರಾಸ್’ ಎನ್ನುತ್ತಾರೆ. ಎರಡೂ ಕಡೆ ‘ಗ್ರೋಸ್’ ಸರಿ. ‘ಎನ್‌ಗ್ರೋಸ್ಡ್’ ಎಂದು ಬರೆದರೂ ಕೊನೆಯ ಸದ್ದು ‘ಟ್’.

ಇದೇ ಪದದ ಇನ್ನೊಂದು ಕವಲು ಕಚೇರಿಗಳಲ್ಲಿ ಜೀವಂತವಾಗಿದೆ. ಕಾನೂನು ಪತ್ರಗಳನ್ನು ಓದುವವರು ಅದನ್ನು ತಿಳಿದಿರಲೇಬೇಕು. ಮಧ್ಯಯುಗದಲ್ಲಿ ದಸ್ತಾವೇಜಿನ ಅಂತಿಮ ಪ್ರತಿಯನ್ನು ದಪ್ಪ, ದೊಡ್ಡ, ಸ್ಪಷ್ಟ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಹಾಗೆ ಬರೆಯುವುದೂ ‘ಎನ್‌ಗ್ರೋಸ್’. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಚರ್ಮದ ಹಾಳೆಯ ಮೇಲೆ ಎನ್‌ಗ್ರೋಸ್ ಮಾಡಬೇಕೆಂದು ಅಲ್ಲಿನ ಕಾಂಗ್ರೆಸ್ 1776ರ ಜುಲೈ 19ರಂದು ನಿರ್ಣಯಿಸಿತು. ಆ ಪ್ರತಿಗೆ ಸಹಿ ಬೀಳಲು ಶುರುವಾದದ್ದು ಆಗಸ್ಟ್ 2ರಂದು. 1787ರಲ್ಲಿ ಅಲ್ಲಿನ ಸಂವಿಧಾನವನ್ನು ನಾಲ್ಕು ಹಾಳೆಗಳಲ್ಲಿ ಬರೆದ ಗುಮಾಸ್ತ ಜೇಕಬ್ ಶಾಲಸ್‌ಗೆ ಸಿಕ್ಕ ಕೂಲಿ 30 ಡಾಲರ್.

ಇಂಗ್ಲೆಂಡಿನ ವಕೀಲರು ಇಂದಿಗೂ ‘ಎನ್‌ಗ್ರೋಸ್‌ಮೆಂಟ್ ಲಗತ್ತಿಸಿದೆ’ ಎಂದು ಬರೆಯುತ್ತಾರೆ. ಕರಡು ಎರಡೂ ಕಡೆ ಓಡಾಡಿ, ತಿದ್ದುಪಡಿಗಳು ಮುಗಿದು, ಎಲ್ಲರೂ ಒಪ್ಪಿದ ಮೇಲೆ ಸಹಿಗಾಗಿ ತಯಾರಾದ ಶುದ್ಧಪ್ರತಿ ಅದು. ಇದು ಗೊತ್ತಿಲ್ಲದೆ ಇನ್ನೊಂದು ಕರಡೆಂದು ತಿಳಿದು ಅಂಚಿನಲ್ಲಿ ಪೆನ್ನಿನಿಂದ ತಿದ್ದುಪಡಿ ಬರೆದರೆ ಆ ಪ್ರತಿ ಕೆಡುತ್ತದೆ, ಹೊಸದು ತೆಗೆಸಬೇಕಾಗುತ್ತದೆ. ತಪ್ಪು ಕಂಡರೆ ಬೇರೆ ಪತ್ರದಲ್ಲಿ ತಿಳಿಸಬೇಕು, ಆ ಪ್ರತಿಯನ್ನು ಮುಟ್ಟಬಾರದು. ಅಮೆರಿಕದ ಶಾಸನಸಭೆಯಲ್ಲಿ ಅರ್ಥ ಇನ್ನೂ ನಿರ್ದಿಷ್ಟ: ಒಂದು ಸದನ ಅಂಗೀಕರಿಸಿದ ರೂಪದ ಮಸೂದೆ ‘ಎನ್‌ಗ್ರೋಸ್ಡ್’, ಎರಡೂ ಸದನ ಒಪ್ಪಿ ಅಧ್ಯಕ್ಷರ ಸಹಿಗೆ ಹೋಗುವುದು ‘ಎನ್‌ರೋಲ್ಡ್’. ಸುದ್ದಿ ಅನುವಾದಿಸುವಾಗ ಇವೆರಡನ್ನು ಒಂದು ಮಾಡಿದರೆ, ಇನ್ನೂ ಅರ್ಧ ದಾರಿಯಲ್ಲಿರುವ ಮಸೂದೆ ಪಾಸಾಯಿತೆಂದು ಓದುಗರಿಗೆ ಹೇಳಿದಂತಾಗುತ್ತದೆ.

ಕನ್ನಡಕ್ಕೆ ತರುವಾಗ ‘ತಲ್ಲೀನ’, ‘ತನ್ಮಯ’ ಎಂಬ ಪದಗಳತ್ತ ಕೈ ತಾನಾಗಿ ಹೋಗುತ್ತದೆ. ಸಂಗೀತಕ್ಕೋ ಧ್ಯಾನಕ್ಕೋ ಅವು ಚೆನ್ನ. ಮೊಬೈಲಿನಲ್ಲಿ ಆಟವಾಡುತ್ತಿರುವ ಹುಡುಗನಿಗೆ ‘ತನ್ಮಯ’ ಎಂದರೆ ಭಾರವಾಯಿತು. ‘ಮೊಬೈಲಿನಲ್ಲೇ ಮುಳುಗಿದ್ದ’ ಸಾಕು. ಹೊರಗಿನ ಪರಿವೆ ತಪ್ಪಿದ್ದನ್ನು ಒತ್ತಿ ಹೇಳಬೇಕಿದ್ದರೆ ‘ಮೈಮರೆತು’ ಇದೆ. ವಸ್ತುವೇ ಕರ್ತೃವಾಗಿ ನಿಲ್ಲುವ ‘ಎನ್‌ಗ್ರೋಸಿಂಗ್’ಗೆ ಮಾತ್ರ ‘ತಲ್ಲೀನಗೊಳಿಸುವ’ ಎಂದು ಹೊಸದಾಗಿ ಕಟ್ಟುವುದು ಬೇಡ. ಓದುಗರು ದಿನವೂ ಬಳಸುವ ಮಾತು ಸಿದ್ಧವಾಗಿಯೇ ಇದೆ: ಓದಿಸಿಕೊಂಡು ಹೋಗುವ ಕಾದಂಬರಿ, ನೋಡಿಸಿಕೊಂಡು ಹೋಗುವ ಸಿನಿಮಾ. ಇಲ್ಲಿ ಕಾದಂಬರಿಯೇ ಕರ್ತೃ, ಓದುಗ ಅದು ಕರೆದೊಯ್ದಲ್ಲಿಗೆ ಹೋಗುವವನು. ಇಂಗ್ಲಿಷಿನಲ್ಲಿ ವಿಮರ್ಶೆ ಬರೆಯುವಾಗಲೂ ಇದೇ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ‘ಓದಿಸಿಕೊಂಡು ಹೋಗುತ್ತದೆ’ ಎಂದು ಕನ್ನಡದಲ್ಲಿ ಹೇಳಬಹುದಾದ ಪುಸ್ತಕಕ್ಕೆ ‘ಎನ್‌ಗ್ರೋಸಿಂಗ್’ ಎನ್ನಬಹುದು. ‘ಚೆನ್ನಾಗಿದೆ, ಆದರೆ ನಿಧಾನ’ ಎನ್ನಬೇಕಾದ ಪುಸ್ತಕಕ್ಕೆ ‘ರಿವಾರ್ಡಿಂಗ್’ ಎಂಬ ಬೇರೆ ಪದ ಇದೆ.